ಮಗ್ಗ ಮುಟ್ಟದ ಕೈ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಎಡಮೊಣಕಾಲಿನ ನೋವು ಬಲಕ್ಕೂ ಬರಲಿ. ಅನಗೋಳದ ನಿವೃತ್ತ ಇಂಗ್ಲಿಷ್ ಶಿಕ್ಷಕಿ ತಾರಾಬಾಯಿಯವರು ಆಕಳಿಸಿದರೆ ಓಣಿಯ ನಾಯಿಗಳೆಲ್ಲ ಮಲಗಿಬಿಡುತ್ತಿದ್ದವು. ಅಷ್ಟು ದಣಿದ ಪತ್ತೇದಾರರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಚೀಲ ಹೊರುವುದು ನನ್ನ ಕೆಲಸ.

ಒಂದು ದಿನ ವಡಗಾವಿಯ ನೇಕಾರ್ತಿ ಪದ್ಮವ್ವನ ಮಗ್ಗದಿಂದ ಹೊಸ ಅಂಚಿನ ಪತ್ತಲವನ್ನು, ಅಂದರೆ ಸೀರೆಯನ್ನು, ಯಾರೋ ಕತ್ತರಿಸಿ ಒಯ್ದಿದ್ದರು. ಅವಳು ಊಟಕ್ಕೆ ಹೋದಾಗ ಅಲ್ಲಿಗೆ ಬಂದವರು ಇಬ್ಬರೇ: ನೂಲು ತರುವ ರಿಕ್ಷಾದ ಬೀರೇಶ, ಖಾನಾಪುರದ ಬಟ್ಟೆ ವ್ಯಾಪಾರಿ ಶೀತಲ. ಪದ್ಮವ್ವ ಕರೆದಳೆಂದು ನಾವು ಹೋದಾಗ ಇಬ್ಬರೂ ಅಲ್ಲೇ ಇದ್ದರು.

"ಬೀರ್ಯಾನ ಒಯ್ದಾನ್ರಿ ಬಾಯಾರ. ಪೊಲೀಸರಿಗೆ ಕೊಡತೀನಿ," ಎಂದಳು ಪದ್ಮವ್ವ.

"ಯವ್ವಾ, ಕಳ್ಳ ಅಂತ ಹೆಸರಾದ್ರ ಈ ಓಣ್ಯಾಗ ನನ್ನ ರಿಕ್ಷಾಕ್ಕ ಯಾರು ನೂಲು ಹೇರತಾರ? ಮಗ್ಗದ್ದು ನನಗೇನ ಗೊತ್ತು?" ಎಂದ ಬೀರೇಶ.

"ನನಗೂ ಗೊತ್ತಿಲ್ರಿ. ನಾ ಬರೇ ಮಾರಾಂವ, ಮಗ್ಗ ಮುಟ್ಟಿದಾಂವಲ್ಲ," ಎಂದರು ಶೀತಲ.

ತಾರಾಬಾಯಿಯವರು ಬಗ್ಗಿ ನೋಡಿದರು. ಕತ್ತರಿಸಿದ ಎಳೆಗಳ ತುದಿಗಳಿಗೆ ಗೊಂಚಲು ಗೊಂಚಲಾಗಿ ಗಂಟು ಬಿದ್ದಿತ್ತು.

"ಈ ಗಂಟು ನೀ ಹಾಕಿದ್ಯೇನವಾ?"

"ಇಲ್ರಿ, ಬಂದಾಗನ ಹಿಂಗಿತ್ತು. ಹಾಕದಿದ್ರ ಎಳಿ ಎಲ್ಲಾ ಜಾರಿ ಹೋಗತಿದ್ದವು."

"ಹಂಗಾರ ಇಬ್ಬರೂ 'ಪ್ರೊಫೆಸ್ಡ್' ಅಡಾಣಿಗಳು. ಏನೂ ಗೊತ್ತಿಲ್ಲಂತ ತಾವ ಹೇಳಿಕೊಂಡವರು. ಸದ್ಯಕ್ಕ ಅಷ್ಟ." ಅವರು ಆಕಳಿಸಿದರು. ಹೊರಗೊಂದು ನಾಯಿ ಮಲಗಿತು.

ಚಹಾ ಬಂತು. ಪಕ್ಕದ ಮಗ್ಗದ ಸುತ್ತ ಎಲ್ಲರೂ ಕುಳಿತರು. ತಾರಾಬಾಯಿಯವರು ಕಣ್ಸನ್ನೆ ಮಾಡಿದ್ದೇ ನಾನು ಸದ್ದಿಲ್ಲದೆ ಒಂದು ಎಳೆ ಹರಿದೆ. ಎಳೆ ಚಹಾಕ್ಕೆ ಬಿದ್ದೀತೆಂದು ಬೀರೇಶ ಕಪ್ಪು ಸರಿಸಿಕೊಂಡ. ಖಾನಾಪುರದ ಮಳೆಯ ಬಗ್ಗೆ ಹೇಳುತ್ತಿದ್ದ ಶೀತಲ ಮಾತು ನಿಲ್ಲಿಸಲಿಲ್ಲ. ಕಪ್ಪು ಕೆಳಗಿಟ್ಟು, ಹರಿದ ತುದಿಗಳನ್ನು ಹೊಸೆದು ಗಂಟು ಹಾಕಿ, ಮತ್ತೆ ಕಪ್ಪು ಎತ್ತಿಕೊಂಡರು.

"ಸಾಕ್ರಿ," ಎಂದರು ತಾರಾಬಾಯಿ. "ಕದ್ದಾಂವ ನೇಕಾರ. ಕದ್ದ ಮ್ಯಾಲೂ ಮಗ್ಗ ಹಾಳಾಗೂದನ್ನ ಅವನ ಕೈ ತಡಕೊಳ್ಳಲಿಲ್ಲ. ಇಬ್ಬರೂ ಬಾಯಿಲೆ ಒಂದ ಮಾತು ಹೇಳಿದ್ರಿ, ಅದಕ್ಕ ಕೈಗೋಳನ್ನ ಕೇಳಬೇಕಾತು."

ಶೀತಲ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಮೀಸಿ ಬರೂಮಟ ನೇದೇನ್ರಿ. ಹೆಣ್ಣ ನೋಡಾಕ ಹೋದಾಗ, ನೇಕಾರಗ ಕೊಡಂಗಿಲ್ಲಂತ ಅದನ್ನ ಮುಚ್ಚಿಟ್ಟೆ, ಮುಂದ ಹಂಗ ಉಳೀತು. ಅಂಚಿನ ನಕಲು ಮಾಡಸಾಕ ಒಯ್ದೆ. ಪತ್ತಲ ಗಾಡ್ಯಾಗ ಐತಿ."

"ತಪ್ಪಾತೋ ತಮ್ಮಾ," ಎಂದಳು ಪದ್ಮವ್ವ ಬೀರೇಶನತ್ತ ತಿರುಗಿ. "ನಾಳಿಂದ ನೂಲು ತಾ."

"ನಾಳಿ ಯಾಕ್ಬೇ, ಈಗ ತರತೀನಿ!"

"ತಡಿಯೋ ಬೀರೇಶ," ತಾರಾಬಾಯಿಯವರಿಗೆ ಪಾಠ ಉಳಿದಿತ್ತು. "ಪ್ರೊಫೆಸ್ಡ್ ಅಂದ್ರ ಮಂದಿ ಮುಂದ ಹೇಳಿಕೊಂಡದ್ದು. ನಿನ್ನಂಗ ಖರೇನೂ ಇರಬಹುದು, ಇವರಂಗ ಸುಳ್ಳೂ ಇರಬಹುದು. ಬಾಳ ಮಂದಿ ಸಂಶೇ ಇದ್ದಲ್ಲೇ ಬಳಸತಾರ. ಇನ್ನ ಮೂರನೇದು, ದೀಕ್ಷಾ ತಗೊಂಡ ಸನ್ಯಾಸಿನಿಗೆ ಆ ಶಬ್ದ ಯಾಕಂದ್ರ, ಆಕಿ ಎಲ್ಲಾರ ಮುಂದ ನಿಂತು ತನ್ನ ವ್ರತ ಹೇಳಿ—"

ಬೀರೇಶ ರಿಕ್ಷಾ ಚಾಲೂ ಮಾಡಿ ಹೋಗಿಬಿಟ್ಟ.