ನಾ ಅಂದಿದ್ದು ತಿರುಗಿ ಹೇಳ್ರಿ

"ತಗೋರಿ ನಿಮ್ಮ ಸೀಟಿ. ನನಗ ಬ್ಯಾಡ."

ದೀಪಾಲಿ ಸೀಟಿಯನ್ನು ಚನ್ನವೀರನ ಅಂಗೈಗೆ ತುರುಕಿದಳು. ಮರಾಠಿ ನಾಡಿನ ನಿಗಡಿಯ ಮೈದಾನದಲ್ಲಿ ಪಾಲಕರ ಸಭೆಗೆ ಜಮಖಾನೆ ಹಾಸುತ್ತಿದ್ದ ಅವನು ಹಾಗೇ ನಿಂತುಬಿಟ್ಟ.

"ಯಾಕ್ರಿ? ಏನಾತು?"

"ಏನೂ ಗೊತ್ತಿಲ್ಲದವರಂಗ ಕೇಳಬ್ಯಾಡ್ರಿ. ಸಭಾದಾಗ ಅಂದಿದ್ದು ಮರೆತ್ರೇನು?"

ಅದು ಎರಡು ಸಾವಿರದ ಮೂರನೇ ಇಸವಿ. ಹುಡುಗಿಯರ ಖೋ ಖೋ ತಂಡವನ್ನು ಇಬ್ಬರೂ ಸೇರಿ ಕಟ್ಟಿದ್ದರು. ಆಟ ಅವಳು ಕಲಿಸಬೇಕು, ಪಾಲಕರನ್ನು ಅವನು ಸಂಭಾಳಿಸಬೇಕು. ಎರಡನೆಯದೇ ಕಷ್ಟದ ಕೆಲಸ ಬಿಡಿ! ಪ್ರಾಕ್ಟೀಸ್ ಮುಗಿಸಿ ಚಹಾ ಕುಡಿಯುತ್ತಾ ಕುಡಿಯುತ್ತಾ ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಹೋದ ತಿಂಗಳು ಆಡುವಾಗ ಒಬ್ಬ ಹುಡುಗಿ ಬಿದ್ದು ಕಾಲು ಮುರಿದುಕೊಂಡಳು. ದೀಪಾಲಿಯನ್ನು ತೆಗೆಯಿರಿ ಎಂದು ಕೆಲವು ಪಾಲಕರು ಹಟ ಹಿಡಿದರು. ಅದಕ್ಕೆಂದೇ ಹೋದ ಭಾನುವಾರ ಸಭೆ.

"ನೀವು ಬರಬ್ಯಾಡ್ರಿ. ಎದುರಿಗಿದ್ರ ಯಾರೂ ಮನಸ್ಸು ಬಿಚ್ಚಿ ಮಾತಾಡೂದಿಲ್ಲ. ನಾ ಇದೀನಲ್ಲ," ಎಂದಿದ್ದ ಚನ್ನವೀರ.

ನಾ ಇದೀನಲ್ಲ... ಆ ಒಂದು ಮಾತು ನಂಬಿ ಅವಳು ಮನೆಯಲ್ಲೇ ಕುಳಿತಿದ್ದಳು.

ಮರುದಿನ ಶರಣಮ್ಮ ಸಿಕ್ಕಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೊಸದಾಗಿ ಬಂದವಳು. ಅವಳ ಮಗಳೂ ತಂಡದಲ್ಲಿದ್ದಳು.

"ಸರ್ ಎದ್ದು ನಿಂತು ನಿಮ್ಮ ಹೆಸರು ತಗೊಂಡು ಅವಘಡ ಅವಘಡ ಅಂದ್ರಿ ಅಕ್ಕಾ. ಎಲ್ಲಾರೂ ಸುಮ್ಮನಾಗಿಬಿಟ್ರು."

ಬೇರೆ ಯಾರಾದರೂ ಅಂದಿದ್ದರೆ ದೀಪಾಲಿ ಜಗಳಾಡುತ್ತಿದ್ದಳು. ಅವನೇ ಅಂದರೆ ಯಾರ ಹತ್ತಿರ ಹೋಗಿ ಅಳಬೇಕು? ವಾರವಿಡೀ ಮೈದಾನದ ಕಡೆ ತಲೆ ಹಾಕಲಿಲ್ಲ. ಅವನ ಫೋನ್ ಬಂದಾಗಲೆಲ್ಲ ಮನೆಯಲ್ಲಿಲ್ಲ ಎಂದು ಅವ್ವನ ಬಾಯಲ್ಲಿ ಹೇಳಿಸಿದಳು.

ಈಗ ಪಾಲಕರು ಒಬ್ಬೊಬ್ಬರಾಗಿ ಬಂದು ದುಂಡಗೆ ಕೂರತೊಡಗಿದ್ದರು. ಚನ್ನವೀರ ಸೀಟಿಯನ್ನು ಜೇಬಿಗೆ ಹಾಕಲಿಲ್ಲ.

"ಸಿಟ್ಟಿದ್ರ ಇರಲಿ. ನಮ್ಮ ಸಭಾದ ರೀತಿ ಗೊತ್ತದಲ್ಲ? ಉತ್ತರ ಕೊಡೂದಕ್ಕ ಮೊದಲ ಎದುರಿನವರು ಅಂದಿದ್ದು ತಿರುಗಿ ಹೇಳಬೇಕು. ಹೇಳ್ರಿ, ನಾ ಏನಂದೆ?"

ಕೂಗಾಡುವ ಅಪ್ಪಂದಿರನ್ನೂ ಅವನು ಇದೇ ರೀತಿಯಲ್ಲಿ ತಣ್ಣಗೆ ಮಾಡುತ್ತಿದ್ದ. ಇಂದು ತನ್ನ ಮೇಲೆಯೇ ಪ್ರಯೋಗ... ಅವಳಿಗೆ ಉರಿದುಹೋಯಿತು.

"ದೀಪಾಲಿ ಅಂದ್ರ ಅವಘಡ ಅಂದ್ರಿ. ನಂಬಿದ್ದೆ ನಿಮ್ಮನ್ನ. ಎಲ್ಲಾರ ಮುಂದ ನನ್ನ ಕೈ ಬಿಟ್ರಿ."

ಚನ್ನವೀರ ಅವಳನ್ನೇ ನೋಡಿದ. "ಯಾರು ಹೇಳಿದ್ರು ನಿಮಗ?"

ಸುತ್ತು ಕುಳಿತವರ ನಡುವಿನಿಂದ ಶರಣಮ್ಮ ಮೆಲ್ಲಗೆ ಕೈ ಎತ್ತಿದಳು. "ನಾನ್ರಿ ಸರ್. ಅಂದಿಲ್ಲೇನ್ರಿ?"

"ಅಂದೀನವ್ವಾ. ಮರಾಠಿಯೊಳಗ ಅಂದೀನಿ. ದೀಪಾಲಿ ಮ್ಯಾಡಮ್ ನಸತೀಲ ತರ ಅವಘಡ ಆಹೆ, ಅಂತ."

ಇಷ್ಟೇ! ದೀಪಾಲಿ ಇಲ್ಲದಿದ್ದರೆ ಕಷ್ಟ. ಮರಾಠಿಯಲ್ಲಿ ಅವಘಡ ಎಂದರೆ ಕಷ್ಟ ಎಂದಷ್ಟೇ ಅರ್ಥ. ಎರಡೂ ಭಾಷೆ ನೀರು ಕುಡಿದಂತೆ ಆಡುವ ದೀಪಾಲಿಗೆ ಅದು ಹೊಳೆಯಲೇ ಇಲ್ಲ. ಹುಡುಗಿಯ ಕಾಲು ಮುರಿದದ್ದಕ್ಕೆ ಅಪರಾಧಿ ಭಾವ ಎದೆಯಲ್ಲಿ ಕೂತಿತ್ತಲ್ಲ, ಕನ್ನಡದ ಅರ್ಥವನ್ನೇ ಹಿಡಿದುಕೊಂಡುಬಿಟ್ಟಳು.

ಶರಣಮ್ಮ ನಾಲಿಗೆ ಕಚ್ಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನೀವ ಇರಬೇಕು ಅಂತ ಎಲ್ಲಾರೂ ಒಪ್ಪಿದ್ರು," ಎಂದ ಚನ್ನವೀರ. "ಅದನ್ನ ಹೇಳಾಕ ಫೋನ್ ಮಾಡಿದ್ರ ನಿಮ್ಮವ್ವಾರು ಮನ್ಯಾಗಿಲ್ಲ ಅಂದ್ರು. ನಾ ಹಂಗ ಅಂದೇನು ಅಂತ ಹೆಂಗ ನಂಬಿದ್ರಿ?"

ಆ ಪ್ರಶ್ನೆಯಲ್ಲಿದ್ದ ನೋವು ಅವಳನ್ನು ತಟ್ಟಿತು. ಅವನನ್ನು ಒಂದು ಮಾತೂ ಕೇಳದೆ ಕೈ ಬಿಟ್ಟವಳು ತಾನೇ.

"ತಪ್ಪಾತ್ರಿ..."

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಇನ್ನೊಂದು ಮಾತದ. ಸಭಾದ್ದಲ್ಲ, ನಂದು. ನೀವಿಲ್ಲದಿದ್ರ ನನಗೂ ಅವಘಡ ಅದ. ಆಟಕ್ಕಲ್ಲ, ಬಾಳಿಗೆ."

ದೀಪಾಲಿಯ ಕಣ್ಣು ತುಂಬಿ ಬಂತು. ಅವನ ಅಂಗೈಯಿಂದ ಸೀಟಿ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡಳು.

"ನೀವಿಲ್ಲದಿದ್ರ ನನಗೂ ಅವಘಡ ಅದ," ಎಂದಳು.

ಚನ್ನವೀರ ನಕ್ಕ. "ಬರೋಬ್ಬರಿ ತಿರುಗಿ ಹೇಳಿದ್ರಿ."

"ತಿರುಗಿ ಹೇಳಿಲ್ರಿ. ನಂದ ಹೇಳೀನಿ."