ಅಣ್ಣನ ಎಚ್ಚರ ಅಡಗಿದ್ದ ಗೆಡ್ಡೆ

ಮೋಡಗಳು ಕೆರೆಗಿಳಿದು ನೀರು ಕುಡಿಯುತ್ತಿದ್ದ ಕಾಲದಲ್ಲಿ ಮಂಜಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಣಿಗೊಂದು ಗಾಜಿನ ಮನೆ. ಅದರೊಳಗೆ ಬಿಸಿಲು ಕೂಡ ಚಪ್ಪಲಿ ಬಿಟ್ಟು ಬರುತ್ತಿತ್ತು. ಹಾಲಪ್ಪನೆಂಬ ತೋಟಗಾರ ಅಲ್ಲಿ ಬಿಗೋನಿಯಾ ಬೆಳೆಸುತ್ತಿದ್ದ. ಒಂದೊಂದು ಹೂವೂ ಊಟದ ತಟ್ಟೆಯಷ್ಟು ಅಗಲ. ಅವನಿಗೆ ಬೇಕಾದ ಕುಂಡಗಳನ್ನು ಮಾಡಿಕೊಡುತ್ತಿದ್ದವಳು ತಂಗಿ ದ್ಯಾವಿ.

ಒಂದು ದಿನ ಬೂದಿಗಡ್ಡನೆಂಬ ಮಾಂತ್ರಿಕ ಬಂದು, ಅಂಥ ಹೂವು ನಾಳೆಯೇ ಬೇಕೆಂದ. ಹೂವು ತನ್ನ ಕಾಲಕ್ಕೇ ಅರಳುವುದು ಎಂದ ಹಾಲಪ್ಪ. ಮಾಂತ್ರಿಕನಿಗೆ ಮೂಗಿನ ತುದಿಯಲ್ಲೇ ಕೋಪ. ಹಾಲಪ್ಪನ ಎಚ್ಚರವನ್ನು ಸೆಳೆದು ಬಿಗೋನಿಯಾದ ಒಂದು ಒಣ ಗೆಡ್ಡೆಯೊಳಗೆ ಅಡಗಿಸಿಬಿಟ್ಟ. ಹಾಲಪ್ಪ ನಿಂತಲ್ಲೇ ಕುಸಿದು ನಿದ್ದೆಹೋದ.

ಮಾಟ ಮಾಡಿದವನು ಬಿಡುಗಡೆಯ ದಾರಿಯನ್ನೂ ಹೇಳಲೇಬೇಕು, ಅದು ಮಾಂತ್ರಿಕರ ಕಟ್ಟಳೆ. ಐದು ಹುಣ್ಣಿಮೆಯೊಳಗೆ ಆ ಗೆಡ್ಡೆಯಲ್ಲಿ ತಟ್ಟೆಯಗಲದ ಹೂವು ಅರಳಿದರೆ ಎದ್ದಾನು, ಇಲ್ಲವಾದರೆ ಕಲ್ಲಾದಾನು ಎಂದು ದ್ಯಾವಿಗೆ ಹೇಳಿದ. ಕಾವಲಿಗೆಂದು ತನ್ನ ಪ್ರಾಣವನ್ನೂ ಅದೇ ಗೆಡ್ಡೆಯಲ್ಲಿ ಇಟ್ಟಿದ್ದ. ಅದನ್ನು ಮಾತ್ರ ಹೇಳಲಿಲ್ಲ. ಗಿಣಿಯಾಗಿ ಗಾಜಿನ ಛಾವಣಿಯಡಿ ಹೋಗಿ ಕೂತ.

ಗೆಡ್ಡೆಯ ಒಂದು ಬದಿ ಉಬ್ಬು, ಇನ್ನೊಂದು ಬದಿ ಗುಳಿ. ಗೋಪುರ ಮೇಲಿರುವುದೇ ಶಾಸ್ತ್ರ, ಆದ್ದರಿಂದ ಉಬ್ಬು ಮೇಲಿರಲಿ ಎಂದರು ಆಸ್ಥಾನದ ಪಂಡಿತರು. ಪಾಪ, ಅವರು ಹೂವನ್ನು ಕಂಡಿದ್ದೆಲ್ಲ ಹಾರದಲ್ಲಿ. ದ್ಯಾವಿ ಕುಂಡ ಮಾಡುವವಳು, ಬಾಯಿ ಯಾವತ್ತೂ ಮೇಲಿರಬೇಕೆಂದು ಅವಳಿಗೆ ಗೊತ್ತು. ಎಲೆಗೊಬ್ಬರ ತುಂಬಿ, ಗುಳಿ ಮೇಲೆ ಮಾಡಿ ನೆಟ್ಟಳು. ಗೆಡ್ಡೆಗೆ ಬಾಯಾರಿದೆ, ಆ ಗುಳಿ ತುಂಬ ನೀರು ಹೊಯ್ಯಿ ಎಂದು ಗಿಣಿ ಸಕ್ಕರೆಯಂತೆ ಮಾತಾಡಿತು. ಗುಳಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆಂದು ಅಣ್ಣ ಹೇಳುತ್ತಿದ್ದ. ದ್ಯಾವಿ ಅಂಚಿಗಷ್ಟೇ ನೀರು ಹನಿಸಿದಳು. ಗುಳಿಯಲ್ಲಿ ನಸುಗೆಂಪು ಚಿಗುರು ಕಣ್ಣುಬಿಟ್ಟಿತು.

ಮೂರನೆಯ ಹುಣ್ಣಿಮೆಗೆ ಮೊದಲ ಮೊಗ್ಗು ಬಂತು. ಅದೇ ಗಳಿಗೆಗೆ ಹಾಲಪ್ಪನ ಕಿರುಬೆರಳು ಅಲುಗಿತು. ದ್ಯಾವಿಗೆ ಸಂತೋಷದಲ್ಲಿ ಉಸಿರೇ ನಿಂತಂತಾಯಿತು. ಆದರೆ ಗಿಡ ಇನ್ನೂ ಎಳೆಯದು. ಮೊದಲ ಮೊಗ್ಗನ್ನು ಚಿವುಟದಿದ್ದರೆ ದೊಡ್ಡ ಹೂವಿನ ಆಸೆ ಬಿಡಬೇಕು, ಅದು ಅಣ್ಣನ ಪದ್ಧತಿ.

"ಅಣ್ಣನ ಬೆರಳನ್ನೇ ಮುರೀತೀಯೇನೆ?" ಎಂದಿತು ಗಿಣಿ.

ದ್ಯಾವಿ ಕಣ್ಣು ಮುಚ್ಚಿ ಚಿವುಟಿದಳು. ಬೆರಳು ತಣ್ಣಗಾಯಿತು. ಆ ದಿನವೆಲ್ಲ ಅವಳು ಅಣ್ಣನ ಕೈ ಹಿಡಿದು ಅತ್ತಳು. ತಪ್ಪು ಮಾಡಿದೆನೇನೋ ಎಂಬ ಭಯಕ್ಕಿಂತ ದೊಡ್ಡ ಭಯ ಬೇರೆ ಇಲ್ಲ.

ಗಿಡ ಕನಸಿನಲ್ಲಿ ಬೆಳೆದ ಹಾಗೆ ಬೆಳೆಯಿತು. ಐದನೆಯ ಹುಣ್ಣಿಮೆಗೆ ಎಂಟು ದಿನವಿರುವಾಗ ಮೂರು ಮೊಗ್ಗು ಒಟ್ಟಿಗೆ ಬಂದವು. ನಡುವೆ ದಪ್ಪನೆಯದೊಂದು, ಅಕ್ಕಪಕ್ಕ ಪುಟ್ಟವೆರಡು. ದ್ಯಾವಿ ಪುಟ್ಟವಕ್ಕೆ ಕೈ ಹಾಕುತ್ತಲೂ ಗಿಣಿಯ ದನಿ ಮೊದಲ ಸಲ ನಡುಗಿತು.

"ದ್ಯಾವವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಅವೆರಡನ್ನ ಬಿಟ್ಟುಬಿಡು."

"ಅವೆರಡೂ ಉಂಡ್ರೆ ನಡುವಿಂದು ಉಪವಾಸ ಬೀಳ್ತದೆ," ಎಂದಳು ದ್ಯಾವಿ.

ಎಡದ್ದನ್ನು ಚಿವುಟಿದಳು, ಗಿಣಿಯ ಒಂದು ರೆಕ್ಕೆ ಬೂದಿಯಾಯಿತು. ಬಲದ್ದನ್ನು ಚಿವುಟಿದಳು, ಗಿಣಿಯೂ ಇಲ್ಲ, ಮಾಂತ್ರಿಕನೂ ಇಲ್ಲ. ಗೆಡ್ಡೆಯಲ್ಲಿಟ್ಟ ಅವನ ಪ್ರಾಣ ಆ ಎರಡು ಪುಟ್ಟ ಮೊಗ್ಗುಗಳಿಗೇ ಏರಿತ್ತು. ನೆಲದ ಮೇಲೆ ಒಂದು ಹಿಡಿ ಬೂದಿ ಬಿದ್ದಿತ್ತು. ಗೊಬ್ಬರವನ್ನು ದಂಡ ಮಾಡುವ ಮನೆತನ ಅವರದಲ್ಲ, ಗುಡಿಸಿ ಕುಂಡಕ್ಕೇ ಹಾಕಿದಳು.

ಐದನೆಯ ಹುಣ್ಣಿಮೆಯ ಬೆಳಗ್ಗೆ ಹೂವು ಅರಳಿತು. ಒಂದರೊಳಗೊಂದು ನೂರು ಎಸಳು, ಕಿತ್ತಳೆ ಬಣ್ಣ. ದ್ಯಾವಿ ಊಟದ ತಟ್ಟೆ ತಂದು ಹಿಡಿದು ನೋಡಿದಳು, ಹೂವೇ ಒಂದು ಬೆರಳು ಹೆಚ್ಚು. ಹಾಲಪ್ಪ ಆಕಳಿಸಿ ಎದ್ದು ಕೂತ. ರಾಣಿಯನ್ನು ನೋಡಲಿಲ್ಲ, ಪಂಡಿತರನ್ನು ನೋಡಲಿಲ್ಲ, ಹೂವನ್ನೇ ನೋಡಿದ.

"ಮೊದಲ ಮೊಗ್ಗು ಚಿವುಟಿದ್ಯಾ, ತಂಗೀ?"

"ಚಿವುಟಿದೆ ಅಣ್ಣಾ," ಎಂದಳು ದ್ಯಾವಿ, ಮತ್ತೆ ಅತ್ತಳು.

ಹಾಲಪ್ಪ ಅವಳ ಮಣ್ಣಾದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ. ಅಂದಿನಿಂದ ಮಂಜಾವತಿಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆಮಾಡಿ ಸುಖವಾಗಿದ್ದರು. ಪಂಡಿತರು ಮಾತ್ರ ಈಗಲೂ ಗೆಡ್ಡೆ ಕೈಗೆತ್ತಿಕೊಂಡರೆ ಮೊದಲು ದ್ಯಾವಿಯ ಮುಖ ನೋಡುತ್ತಾರಂತೆ.