ಶಿವಕುಮಾರಿಯ ಫೋನು

"ಆ ಫೋನನ್ನು ಮುಟ್ಟಬೇಡ ಮಾರಾಯ. ಆ ಹೆಂಗಸು ಬಂದರೆ ನಮ್ಮಿಂದ ಆಗುವುದಿಲ್ಲ ಅಂತ ಹೇಳಿ ಕಳಿಸು," ಎಂದರು ಸೀನಣ್ಣ.

ಸುಕೇಶ್ ನಕ್ಕ. ಕಾಂದಿವಲಿ ಸ್ಟೇಷನ್ನಿನ ಪೂರ್ವಕ್ಕೆ, ವಡಾಪಾವಿನ ಗಾಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಸೀನಣ್ಣನ ಮೊಬೈಲ್ ರಿಪೇರಿ ಅಂಗಡಿಗೆ ಅವನು ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಅದಕ್ಕೆ ಮೊದಲು ಬೈಕುಲ್ಲಾದಲ್ಲಿ ಇದೇ ಕೆಲಸ. ಕಾರ್ಕಳದ ಕಡೆಯವನು. ಕೈ ಚುರುಕು, ನಾಲಗೆ ಅದಕ್ಕಿಂತ ಚುರುಕು.

"ಅವಳ ಮಗಳು ತೀರಿಕೊಂಡದ್ದು ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು. ಅದು ಆ ಮಗಳ ಫೋನು. ಆಮೇಲೆ ಅಳಿಯ ಒಣಗಿ ಒಣಗಿ ಸತ್ತ. ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟಿದ್ದರು, ಒಂದು ಕಾಯಿಲೆಯೂ ಸಿಗಲಿಲ್ಲ. ಕೊನೆಗೆ ಚಾದರದ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಅಂತ ತಡವಿ ನೋಡಬೇಕಿತ್ತಂತೆ. ಆ ಫೋನಿಗೆ ಅವಳು ಮಾಟ ಕಟ್ಟಿಸಿದ್ದಾಳೆ."

"ಅಪ್ಡೇಟ್ ಮಾಡಿದರೆ ಹೋಗ್ತದಾ ಸೀನಣ್ಣ ಆ ಮಾಟ?" ಎಂದು ಸುಕೇಶ್ ಕೇಳಿದ. ಸೀನಣ್ಣ ನಗಲಿಲ್ಲ. ಸಾಮಾನು ತರಲಿಕ್ಕೆಂದು ಕೊಡೆ ಹಿಡಿದು ಹೊರಟುಹೋದರು.

ಆಷಾಢದ ಮಧ್ಯಾಹ್ನ. ಮೋಡ ಕವಿದು ಅಂಗಡಿಯೊಳಗೆ ಆಗಲೇ ಮುಸ್ಸಂಜೆಯಂಥ ಕತ್ತಲು. ಆ ಹೆಂಗಸು ಬಂದದ್ದು ಮೊದಲು ಗೊತ್ತಾದದ್ದು ವಾಸನೆಯಿಂದ: ಬೇವಿನೆಣ್ಣೆ, ಹಸಿ ಬೂದಿ, ಸುಟ್ಟ ಕೂದಲು. ತಲೆಯೆತ್ತಿದರೆ ಕೌಂಟರಿನ ಆಚೆ ಇಳಕಲ್ ಸೀರೆಯ, ಹಣೆ ಬರಿದಾದ ಮುದುಕಿ. ಕೈಯಲ್ಲಿ ಕರಿಬಟ್ಟೆಯ ಗಂಟು.

"ತಮ್ಮಾ, ನಾ ಸುಂದ್ರವ್ವ. ಇದರ ಬ್ಯಾಟರಿ ನಿಲ್ಲವಲ್ದು. ಮುಂಜಾನಿ ಪೂರಾ ತುಂಬಿಸಿ ಇಡ್ತೀನಿ, ಊಟದ ಹೊತ್ತಿಗೆ ಖಾಲಿ. ಯಾರೂ ಮುಟ್ಟಂಗಿಲ್ಲ, ಯಾರೂ ಮಾತಾಡಂಗಿಲ್ಲ."

"ಬ್ಯಾಟರಿ ಹಳೇದಾಗಿರ್ತದೆ ಅಮ್ಮ."

"ಬದಲಿ ಮಾಡ್ಸೀನಿ. ಒಳಗ ಏನೋ ನಡದದ. ಒಬ್ಬಾತ ನೋಡಿ ಹೇಳಿದ, ಇದು ಕೇಳಿದ್ದೆಲ್ಲಾ ಎಲ್ಲಿಗೋ ಕಳಿಸ್ಲಾಕತ್ತದ ಅಂತ. ಹಾಕ್ಸಿದಾವ ನನ್ನ ಅಳಿಯ. ಅವ ಸತ್ತ. ಸತ್ತರೂ ಇದು ನಿಂತಿಲ್ಲ." ಅವಳು ದನಿ ತಗ್ಗಿಸಿದಳು. "ಅಂದ್ರ ಕೇಳಾವ ಇನ್ನೊಬ್ಬ ಇದ್ದಾನ."

ಸುಕೇಶ್ ಬಟ್ಟೆ ಬಿಚ್ಚಿದ. ಬೂದಿ ಬಳಿದ ಫೋನು. ಅದಕ್ಕೆ ಸುತ್ತಿದ ಉದ್ದನೆಯ ಹೆಣ್ಣುಕೂದಲು, ಗಂಟುಗಂಟಾಗಿ. ಕೂದಲಿನ ಕೆಳಗೆ ಹಿಂಬದಿಯ ಕವರು. ಅದರ ಮೇಲೆ ಅರ್ಧ ಅಳಿಸಿದ ನವಿಲುಗರಿ. ಅವನ ಬೆರಳು ಅಲ್ಲೇ ನಿಂತಿತು.

"ಒಳಗಿಂದು ತೆಗೀಬ್ಯಾಡ," ಎಂದಳು ಸುಂದ್ರವ್ವ. "ಯಾರ ಕಡಿ ಹೊಂಟದ ಅಷ್ಟ ನೋಡಿ ಹೇಳು. ತೆಗೆದ್ರ ಅದು ತೆಗೆದಾವನ ಮೈಯಾಗ ಹೋಗಿ ಕುಂದರ್ತದ. ಈಗ ಹೇಳೀನಿ, ಆಮ್ಯಾಲ ಅನ್ನಬ್ಯಾಡ."

"ಆಯ್ತಮ್ಮ, ಸಂಜೆ ಬನ್ನಿ," ಎಂದ.

ಆ ನವಿಲುಗರಿಯನ್ನು ಅವನು ಮರೆಯುವಂತಿರಲಿಲ್ಲ. ಬೈಕುಲ್ಲಾದ ಅಂಗಡಿಗೆ ಅದನ್ನು ತಂದಿದ್ದವನು ಸೋಮನಾಥ, ಕಟ್ಟಡದ ಕೆಲಸದ ಸೂಪರ್‌ವೈಸರ್. ಹೆಂಡತಿ ಶಿವಕುಮಾರಿಯ ಫೋನು, ಅವಳು ಯಾರ ಜೊತೆ ಏನು ಮಾತಾಡುತ್ತಾಳೆ ತನಗೆ ಕೇಳಬೇಕು ಎಂದಿದ್ದ. ಸುಕೇಶನಿಗೆ ಅದು ಕೈಚಳಕ ತೋರಿಸುವ ಆಟ. ಒಂದು ಕಟಿಂಗ್ ಚಾ ಕುಡಿದು ಮುಗಿಸುವಷ್ಟರಲ್ಲಿ ಗುಟ್ಟಿನ ಆ್ಯಪ್ ಒಂದನ್ನು ಒಳಗೆ ಕೂರಿಸಿ, ಯಾರಿಗೂ ಅನುಮಾನ ಬಾರದಂತೆ ಅದಕ್ಕೆ 'ಸಿಸ್ಟಮ್ ಸರ್ವೀಸ್' ಎಂದು ಹೆಸರಿಟ್ಟ. ಗಂಡನಿಗೆ ಕೇಳುವ ದಾರಿ ಮಾಡಿಕೊಟ್ಟ. ತನಗೂ ಒಂದು ದಾರಿ ಇಟ್ಟುಕೊಂಡ.

ಆಮೇಲೆ ದಿನವೂ ಊಟದ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಶಿವಕುಮಾರಿಯನ್ನು ಕೇಳುವುದು ಅವನ ಚಟವಾಯಿತು, ಉಳಿದವರು ಸೀರಿಯಲ್ ನೋಡುವ ಹಾಗೆ. ಕಾಂದಿವಲಿಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೊರೆತ, ಗೆಳತಿಯರ ಜೊತೆ ಅವಳ ನಗು, ಮನೆಯಲ್ಲಿ ಗಂಡನ ಏಟು, ಆಮೇಲಿನ ಬಿಕ್ಕಳಿಕೆ. ಒಂದು ದಿನ ಅವಳು ತಾಯಿಗೆ ಪಿಸುಗುಟ್ಟಿದಳು: ನಾಳಿ ಸಂಜೆಯ ಗಾಡಿಗೆ ಕಲಬುರ್ಗಿಗೆ ಬರ್ತೀನವ್ವ, ಯಾರಿಗೂ ಹೇಳಬ್ಯಾಡ. ಸುಕೇಶ್ ಸೋಮನಾಥನಿಗೆ ಫೋನು ಮಾಡಿ ಹೇಳಿದ. ಏಕೆ ಹೇಳಿದನೋ! ತನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಹುಮ್ಮಸ್ಸೇ ಇದ್ದೀತು. ಅದರ ಮುಂದಿನದನ್ನು ಅವನು ನೆನೆಯುತ್ತಿರಲಿಲ್ಲ. ಮರುದಿನ ಸೋಮನಾಥ ಕೆಲಸ ಮಾಡಿಸುತ್ತಿದ್ದ ಬಿಲ್ಡಿಂಗಿನ ಕೆಳಗೆ ಅವಳ ಹೆಣ ಸಿಕ್ಕಿತು. ಕಾಲು ಜಾರಿದ್ದು ಎಂದು ಕೇಸು ಮುಗಿಯಿತು. ಸುಕೇಶ್ ಬೈಕುಲ್ಲಾ ಬಿಟ್ಟ.

ಈಗ ಅದು ಅವನ ಮುಂದೆಯೇ ಬಿದ್ದಿತ್ತು. ಯಾರಾದರೂ ಬಲ್ಲವರ ಕೈಗೆ ಹೋದರೆ ತನ್ನ ಹೆಸರೇ ಹೊರಬರುತ್ತದೆ. ಅವನು ಹೆದರಿದ್ದು ಮಾಟಕ್ಕಲ್ಲ, ಪೊಲೀಸರಿಗೆ. ಬ್ಯಾಟರಿಯ ಲೆಕ್ಕ ತೆರೆದ. ಎಲ್ಲಕ್ಕಿಂತ ಮೇಲೆ ಅದೇ ಬೂದುಬಣ್ಣದ ಗುರುತು: ಸಿಸ್ಟಮ್ ಸರ್ವೀಸ್. ಹಿನ್ನೆಲೆಯಲ್ಲಿ ಹಗಲೂ ರಾತ್ರಿ ಓಡುತ್ತಿದೆ. ಒತ್ತಾಯದಿಂದ ನಿಲ್ಲಿಸಿದ. ಮತ್ತೆ ಎದ್ದಿತು. ಕೊಟ್ಟಿದ್ದ ಅನುಮತಿಗಳನ್ನೆಲ್ಲ ಕಿತ್ತುಕೊಂಡು, ಬೇರುಸಮೇತ ಅಳಿಸಿದ. ಫೋನು ಹೆಂಚಿನಂತೆ ಕಾದಿತು. ಸುತ್ತಿದ ಕೂದಲು ಚುರುಗುಟ್ಟಿ ಹೊಗೆಯೆದ್ದಿತು. ಯಾರೋ ಕಿವಿಯ ಹತ್ತಿರವೇ ಉಸಿರೆಳೆದುಕೊಂಡ ಹಾಗಾಯಿತು. ಆಮೇಲೆ ನಿಶ್ಶಬ್ದ. ಬ್ಯಾಟರಿ ಇಳಿಯುವುದು ನಿಂತಿತ್ತು.

ಸಂಜೆ ಸುಂದ್ರವ್ವ ಬಂದಳು. "ಯಾರ ಕಡಿ ಹೋಗ್ತಿತ್ತು?"

"ಯಾರ ಕಡೆಗೂ ಇಲ್ಲ ಅಮ್ಮ. ಕೆಟ್ಟುಹೋದ ಆ್ಯಪ್ ಇತ್ತು. ತೆಗೆದುಬಿಟ್ಟೆ."

ಅವಳು ಬೈಯಲಿಲ್ಲ. ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಎಷ್ಟು ಅಂಗಡಿ ತಿರುಗೀನಿ. ಎಲ್ಲಾರೂ ಅಂಜಿ ವಾಪಸ್ ಕೊಟ್ರು. ತೆಗೀಲೇಬೇಕು ಅಂತ ನಿನಗೊಬ್ಬಗ ಅನಿಸ್ತು. ಹಂಗಾದ್ರ ಯಾರು ಅಂತ ನೀನ ಹೇಳಿದಂಗಾತು."

ಫೋನನ್ನು ಸೆರಗಿಗೆ ಕಟ್ಟಿಕೊಂಡು ಮಳೆಯೊಳಗೆ ಇಳಿದು ಹೋದಳು.

ಮರುದಿನ ಲೋಕಲ್‌ನಲ್ಲಿ ಬರುವಾಗ ಸುಕೇಶನ ಹೊಸ ಫೋನು ಬೊರಿವಲಿ ಸ್ಟೇಷನ್ ದಾಟುವಷ್ಟರಲ್ಲೇ ಅರ್ಧಕ್ಕಿಳಿಯಿತು. ಅಂಗಡಿಗೆ ಬಂದು ಸಿಕ್ಕಿಸಿದರೆ ಚಾರ್ಜ್ ಏರಲೊಲ್ಲದು. ವೈರು ಬದಲಿಸಿದ, ಬ್ಯಾಟರಿ ಬದಲಿಸಿದ, ಒಳಗಿದ್ದುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿದ. ಬ್ಯಾಟರಿಯ ಲೆಕ್ಕ ತೆರೆದ. ಎಲ್ಲಕ್ಕಿಂತ ಮೇಲೆ, ಬೂದುಬಣ್ಣದ ಗುರುತು. ಸಿಸ್ಟಮ್ ಸರ್ವೀಸ್. ಪರದೆಯ ಮೂಲೆಯಲ್ಲಿ ಮೈಕಿನ ಹಸಿರು ಚುಕ್ಕೆ ಆರದೆ ಉರಿಯುತ್ತಿತ್ತು. ಯಾರೋ ಕೇಳುತ್ತಿದ್ದರು.

ಫೋನನ್ನು ಡ್ರಾಯರಿಗೆಸೆದು ಸೀನಣ್ಣನ ಹಳೆಯ ಫೋನು ಕೈಗೆತ್ತಿಕೊಂಡ. ಅದರಲ್ಲೂ ಬಂತು. ಗಿರಾಕಿಗಳ ಫೋನು ಮುಟ್ಟಿದ. ಅವುಗಳಲ್ಲೂ ಬಂತು, ಅವನು ಕೈಬಿಟ್ಟರೆ ಮಾಯ, ಹಿಡಿದರೆ ಹಾಜರು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು. ಬ್ಯಾಟರಿ ಇಳಿದಂತೆಲ್ಲ ಅವನೂ ಇಳಿಯುತ್ತಿದ್ದ. ಮೊದಲು ಮೊಣಕಾಲು ತಣ್ಣಗಾದವು. ಉಗುರು ಸುಣ್ಣದಂತೆ ಬಿಳುಚಿದವು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಕುಳಿತು ಕುಳಿತು ಹತ್ತಬೇಕಾಯಿತು. ಪ್ಯಾಂಟು ಸೊಂಟದಿಂದ ಜಾರತೊಡಗಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ, ಚೆನ್ನಾಗಿ ಊಟ ಮಾಡಿ ಎಂದರು.

"ಏನು ಮಾಡಿದೆ ನೀನು, ನಿಜ ಹೇಳು," ಎಂದರು ಸೀನಣ್ಣ.

ಸುಕೇಶ್ ಹೇಳಿದ. ಪೂರ್ತಿ ಹೇಳಲಿಲ್ಲ. ಸೀನಣ್ಣ ಎದ್ದು ಕೈ ತೊಳೆದು ಬಂದರು. "ಅವಳ ಕಾಲಿಗೆ ಬೀಳು ಹೋಗು. ಗುಡ್ಡದ ಬದಿಯ ಚಾಳು, ಮಗಳಿದ್ದ ಮನೆಯಲ್ಲೇ ಇದ್ದಾಳೆ. ನಾನು ಬರುವುದಿಲ್ಲ."

ಚಾಳಿನ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕು. ಮೇಲೆ ನೀಲಿ ತಾಡಪತ್ರಿ ಹೊದಿಸಿ ಹಗಲನ್ನೇ ಮುಚ್ಚಿದ್ದರು. ಗಟಾರದ ನಾತ, ಬೊಂಬಿಲು ಮೀನು ಕರಿಯುವ ವಾಸನೆ, ಅದೆಲ್ಲವನ್ನೂ ಸೀಳಿಕೊಂಡು ಬೇವಿನೆಣ್ಣೆ ಮತ್ತು ಸುಟ್ಟ ಕೂದಲು. ಗೋಡೆ ಹಿಡಿದು ಹಿಡಿದು ಬಂದ ಸುಕೇಶ್ ಹೊಸ್ತಿಲ ಮೇಲೆ ಕುಸಿದ. ಡ್ರಾಯರಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದು ತಂದಿದ್ದ ಅವನ ಫೋನು ಬ್ಯಾಟರಿಯ ಕೆಂಪು ಗೆರೆ ತೋರುತ್ತಿತ್ತು.

ಒಳಗೆ ಕಿಟಕಿಯಿಲ್ಲದ ಕತ್ತಲಲ್ಲಿ ಸುಂದ್ರವ್ವ ಕುಳಿತಿದ್ದಳು. "ಬಂದ್ಯಾ?" ಎಂದಳಷ್ಟೇ.

"ತಪ್ಪಾಯ್ತಮ್ಮ. ಪೊಲೀಸರಿಗೆ ಎಲ್ಲ ಹೇಳ್ತೇನೆ. ಬಿಟ್ಟುಬಿಡಿ."

"ಹೇಳು. ಅಲ್ಲೀತನ ಹೋಗ್ಲಿಕ್ಕೆ ಉಸಿರು ಇರಬೇಕಲ್ಲ." ಅವಳು ಹತ್ತಿರ ಸರಿದಳು. "ನನಗ ಒಂದು ಮಾತು ಬೇಕು. ನನ್ನ ಮಗಳು ಸಾಯೋ ಮುಂದ ಏನಂದಳು? ಆವತ್ತು ನೀ ಕೇಳ್ತಿದ್ದಿ."

ಕೇಳುತ್ತಿದ್ದ. ಯಾವುದನ್ನು ನೆನೆಯುತ್ತಿರಲಿಲ್ಲವೋ ಅದು ಅದೇ. ಆವತ್ತು ಶಿವಕುಮಾರಿ ಕಿರುಚಲು ತೊಡಗಿದಾಗ ಅವನು ಊಟದ ಡಬ್ಬಿಯ ಮುಂದೆ ಕುಳಿತಿದ್ದ. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

"ಕೊನೇದು ಕೇಳಿಸಿಕೊಳ್ಳಲಿಲ್ಲ ಅಮ್ಮ. ತೆಗೆದುಬಿಟ್ಟಿದ್ದೆ."

"ಹಂಗಾದ್ರ ಈಗ ಕೇಳು."

ನವಿಲುಗರಿಯ ಫೋನನ್ನು ಅವನ ಕಿವಿಗೆ ಒತ್ತಿದಳು. ಮುದುಕಿಯ ಕೈ ಕಬ್ಬಿಣದಂತಿತ್ತು.

ಮೊದಲು ಗಾಳಿ. ಆಮೇಲೆ ಮೆಟ್ಟಿಲು. ಚಪ್ಪಲಿ ಕಳಚಿ ಬೀಳುವ ಸದ್ದು. ಅವಳ ಏದುಸಿರು. ಹಿಂದೆ ಬೂಟುಗಾಲು. ಬಿಟ್ಬಿಡ್ರೀ. ಬೂಟುಗಾಲು. ಮರಳು ಸರಿಯುತ್ತಿದೆ. ಸುಕೇಶನ ಬಾಯೊಳಗೆ ಸಿಮೆಂಟಿನ ಪುಡಿ. ಕಣ್ಣೆದುರು ಕತ್ತಲು. ಕಾಲ ಕೆಳಗೆ ಹಲಗೆ. ಹಲಗೆ ಅಲುಗುತ್ತಿದೆ. ಗಾಳಿ. ಅವಳು ಕೂಗುತ್ತಾಳೆ. ಗಂಡನನ್ನಲ್ಲ. ದೇವರನ್ನಲ್ಲ. ಆ ಬರಿದಾದ ಕಟ್ಟಡಕ್ಕೆ, ಗೋಡೆಗಳಿಗೆ, ಗಾಳಿಗೆ ಕೂಗುತ್ತಾಳೆ. ಒಂದೇ ಮಾತು. ಆಮೇಲೆ ಹಲಗೆಯಿಲ್ಲ.

ಅವನು ನೆಲಕ್ಕೆ ಬಿದ್ದಿದ್ದ. ಉಸಿರು ನೂಲಿನಷ್ಟು ಉಳಿದಿತ್ತು.

"ಏನಂದಳು?"

"ಯಾರಾರ..." ಅವನ ತುಟಿ ಅದುರಿದವು. "ಯಾರಾರ ಕೇಳ್ಲಾಕತ್ತೀರೇನ್ರೀ, ಅಂದಳು."

ಸುಂದ್ರವ್ವ ಅಳಲಿಲ್ಲ. ಅವನ ಮುಷ್ಟಿ ಬಿಡಿಸಿ ಫೋನು ತೆಗೆದುಕೊಂಡಳು. ಗೋಡೆಯಿಂದ ಇಳಿಬಿದ್ದ, ಕೂದಲು ಸುತ್ತಿದ ಚಾರ್ಜರಿನ ವೈರನ್ನು ಅದಕ್ಕೆ ಸಿಕ್ಕಿಸಿದಳು. ಯಾವ ವೈರಿಗೂ ಏರದಿದ್ದ ಚಾರ್ಜ್ ಏರಿತು. ಅವನ ಎದೆಗೆ ಗಾಳಿ ನುಗ್ಗಿತು. ಬದುಕಿದೆ ಎಂದುಕೊಂಡ. ಕೆಂಪು ಗೆರೆ ದಾಟುವ ಮುನ್ನವೇ ಅವಳು ವೈರು ಕಿತ್ತಳು.

"ಅಮ್ಮ, ಇನ್ನೂ ಸ್ವಲ್ಪ..."

"ಅಳಿಯ ಲಗೂ ಸತ್ತುಬಿಟ್ಟ. ಅದು ನಂದ ತಪ್ಪು," ಎಂದಳು ಸುಂದ್ರವ್ವ. "ನೀ ಹಂಗ ಸಾಯಬಾರ್ದು."

ಗಣಪತಿ ಹಬ್ಬ ಕಳೆದ ಮೇಲೆ ಸೀನಣ್ಣ ಧೈರ್ಯ ಮಾಡಿ ರಿಕ್ಷಾ ತಂದರು. ಹೊಸ್ತಿಲ ಬಳಿ ಚಾಪೆಯ ಮೇಲೆ ಹಕ್ಕಿಯ ಮೂಳೆಯಂತೆ ಮುದುಡಿದ್ದ ಸುಕೇಶನನ್ನು ಎತ್ತಿಕೊಂಡರು, ಭಾರವೇ ಇರಲಿಲ್ಲ. ಮುದುಕಿಯ ವೈರಿನಿಂದ ದೂರವಾದಂತೆ, ಓಣಿಯ ನಲ್ಲಿ ದಾಟುವುದರೊಳಗೆ ಅವನ ಕಣ್ಣು ಮೇಲೆ ಸಿಕ್ಕಿಕೊಂಡವು. ನೀರಿಗೆ ನಿಂತ ಹೆಂಗಸರು ಕೊಡ ಬಿಟ್ಟು ಓಡಿದರು. ಸೀನಣ್ಣ ಅವನನ್ನು ಮರಳಿ ತಂದು ಚಾಪೆಯ ಮೇಲೆ ಮಲಗಿಸಿ, ಮುದುಕಿಗೆ ಕೈ ಮುಗಿದು, ಹಿಂದಿರುಗಿ ನೋಡದೆ ಹೋದರು.

ಅವನು ಈಗಲೂ ಅಲ್ಲೇ ಇದ್ದಾನೆ. ಮಧ್ಯಾಹ್ನ ಭಾಂಡೆ ತೊಳೆದಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಸುಂದ್ರವ್ವ ಎದುರಿಗೆ ಬಂದು ಕೂರುತ್ತಾಳೆ. ಅವನ ಉಸಿರು ಅಷ್ಟು ಹೊತ್ತಿಗೆ ಗಂಟಲಿಗೆ ಬಂದಿರುತ್ತದೆ.

"ನನ್ನ ಮಗಳು ಏನು ಕೇಳಿದಳು?"

ಅವನು ಹೇಳುತ್ತಾನೆ.

"ಅದಕ್ಕ ನೀ ಏನಂದಿ?"

"ಏನೂ ಅನ್ನಲಿಲ್ಲ ಅಮ್ಮ."

ಮುದುಕಿ ಇನ್ನೂ ಒಂದು ಗಳಿಗೆ ಅವನನ್ನು ನೋಡುತ್ತ ಕೂರುತ್ತಾಳೆ. ಆಮೇಲೆ ವೈರು ಸಿಕ್ಕಿಸುತ್ತಾಳೆ.